ನಲವತ್ತು ದಿನದ ಪಥ್ಯ

ಕಮಲಾಪುರದ ಗುಂಡಮ್ಮ ಕಾಮಣಿಗೆ, ಅಂದರೆ ಕಾಮಾಲೆಗೆ, ಎಲೆಮದ್ದು ಕೊಡುತ್ತಿದ್ದಳು. ಅತ್ತೆ ಕಲಿಸಿದ ವಿದ್ಯೆ. ಬರಿಹೊಟ್ಟೆಯಲ್ಲಿ ಮೂರು ದಿನ ರಸ, ಆಮೇಲೆ ನಲವತ್ತು ದಿನ ಪಥ್ಯ. ಎಣ್ಣೆ ಇಲ್ಲ, ಖಾರ ಇಲ್ಲ, ಬೇರೆ ಔಷಧವಂತೂ ಮುಟ್ಟುವಂತೆಯೇ ಇಲ್ಲ. ಗುಳಿಗೆ ನುಂಗಿದರೆ ಎಲೆ ಹತ್ತುವುದಿಲ್ಲ ಎಂಬುದು ಕಟ್ಟಪ್ಪಣೆ. ಯಾರಿಂದಲೂ ಬಿಡಿಗಾಸು ಮುಟ್ಟುತ್ತಿರಲಿಲ್ಲ. ಬಂದವರಲ್ಲಿ ಮುಕ್ಕಾಲು ಮಂದಿಯದು ತಾನಾಗಿಯೇ ಇಳಿಯುವ ಕಾಮಣಿ. ಅದು ಆ ಹೆಣ್ಣುಮಗಳಿಗೆ ಹೇಗೆ ಗೊತ್ತಾಗಬೇಕು ಹೇಳಿ! ಊರು ಕೈಗುಣ ಎಂದಿತು, ಆಕೆ ನಂಬಿದಳು.

ಒಬ್ಬನೇ ಮಗ ದೌಲಪ್ಪ ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ, ತೊಗರಿ ಮಾರಿಸಿಕೊಡುವ ಅಡತಿ ಅಂಗಡಿಯೊಂದರಲ್ಲಿ ತೂಕದ ಕೆಲಸಕ್ಕಿದ್ದ. ೨೦೦೬ರಲ್ಲಿ ಅವನ ಕಣ್ಣು ಹಳದಿಯಾದವು. ಹೆಂಡತಿ ಜಯದೇವಿ ಬಾಣಂತನಕ್ಕೆ ತಾಜಸುಲ್ತಾನಪುರದ ತವರಿಗೆ ಹೋಗಿದ್ದಳು. ಕಲಬುರಗಿಯ ಡಾಕ್ಟರು ಸ್ಕ್ಯಾನ್ ನೋಡಿ ಹೇಳಿದರು: “ಲಿವರ್‌ನಾಗ ಕ್ಯಾನ್ಸರ್ ಗಂಟು ಅದ. ಇನ್ನೂ ಸಣ್ಣದು. ಮನಿಯವರು ಯಾರರೆ ತಮ್ಮ ಲಿವರಿನ ತುಂಡು ಕೊಟ್ರ ಹೈದರಾಬಾದಿನಾಗ ಹೊಸಾದು ಕೂಡಿಸ್ತಾರ. ತಡ ಮಾಡಬ್ಯಾಡ್ರಿ.”

ಅವನು ರಿಪೋರ್ಟ್ ಹಿಡಿದು ನೆಟ್ಟಗೆ ತಾಯಿಯ ಬಳಿಗೆ ಬಂದ.

“ಕ್ಯಾನ್ಸರ್ ಅಂತ ಕ್ಯಾನ್ಸರ್! ಸಾವಿರ ಕಾಮಣಿ ಇಳಿಸೀನಿ, ನನಗ ಗೊತ್ತಾಗಂಗಿಲ್ಲೇನು?” ಎಂದಳು ಗುಂಡಮ್ಮ.

“ಒಮ್ಮೆ ಹೈದರಾಬಾದಿಗೆ ಹೋಗಿ ಬರೂಣು, ಯವ್ವಾ.”

“ಮೊದಲ ಪಥ್ಯ ಮುಗೀಲಿ.”

ರಿಪೋರ್ಟನ್ನು ಟ್ರಂಕಿನ ತಳಕ್ಕೆ ಹಾಕಿದಳು. ನಲವತ್ತು ದಿನಕ್ಕೆ ಕಣ್ಣು ತುಸು ತಿಳಿಯಾದಂತೆ ಕಂಡವು. ಹಿಗ್ಗಿ ಇನ್ನೊಂದು ನಲವತ್ತು ಹೇಳಿದಳು, ಮೇಲೆ ಮತ್ತೊಂದು. ಬಾಣಂತಿ ಗಾಬರಿಯಾದಾಳೆಂದು ದೌಲಪ್ಪ ಹೆಂಡತಿಗೆ ಬಾಯಿ ಬಿಡಲಿಲ್ಲ. ಕೊನೆಗೆ ಹೊಟ್ಟೆ ಉಬ್ಬಿ ನೀರು ತುಂಬಿತು.

ಹೈದರಾಬಾದಿನಲ್ಲಿ ತಾಯಿ-ಮಗ ಇಬ್ಬರನ್ನೂ ಪರೀಕ್ಷೆ ಮಾಡಿದರು. “ತುಂಡು ಯಾಕ್ರೀ, ನಂದು ಪೂರಾ ತಗೋರಿ, ನನ್ನ ಮಗ ಉಳೀಲಿ,” ಎಂದು ಗುಂಡಮ್ಮ ಡಾಕ್ಟರ ಕಾಲಿಗೆ ಬಿದ್ದಳು. ಆತ ಬೀದರಿನವನು, ಎಬ್ಬಿಸಿ ಕೂರಿಸಿದ.

“ನಿಮ್ಮ ಲಿವರ್ ಛಲೋ ಅದ, ಅಮ್ಮಾ. ಆದರ ಗಂಟು ರಕ್ತನಾಳದಾಗ ಹೊಕ್ಕದ. ಹೊಸಾದು ಕೂಡಿಸಿದ್ರೂ ಅದರಾಗೂ ಬರ್ತದ. ಇನ್ನ ಮಾಡಂಗಿಲ್ಲ.”

“ನಾಕು ತಿಂಗಳ ಹಿಂದ ಬಂದಿದ್ರ?”

“ಆಗ ಮಾಡ್ತಿದ್ವಿ,” ಎಂದ.

ಅಯ್ಯೋ, ಸುಳ್ಳಾದರೂ ಹೇಳಬಾರದಿತ್ತೇ! ಬಾಗಿಲ ಹೊರಗಿನ ಬೆಂಚಿನ ಮೇಲಿದ್ದ ದೌಲಪ್ಪನಿಗೆ ಎಲ್ಲ ಕೇಳಿಸಿತ್ತು. ತಾಯಿ ಹೊರಬಂದಾಗ ಅವನು ಅಳಲಿಲ್ಲ, ಬೈಯಲೂ ಇಲ್ಲ.

“ಜಯದೇವಿ ಕೇಳಿದ್ರ, ನಾನೇ ವಲ್ಲೆ ಅಂದೆ ಅಂತ ಹೇಳು. ನೀ ಇನ್ನ ಆಕಿ ಕೈಯಾಗ ಬದುಕಬೇಕು, ಯವ್ವಾ.”

ಎರಡು ತಿಂಗಳಿಗೆ ಹೋಗಿಬಿಟ್ಟ. ಮಣ್ಣು ಕೊಟ್ಟ ಮೂರನೆಯ ದಿನ ಜಯದೇವಿ ಟ್ರಂಕಿನಲ್ಲಿ ಆ ರಿಪೋರ್ಟ್ ಕಂಡು, ಓದಿದವರಿಂದ ಓದಿಸಿ, ತಾರೀಖನ್ನೂ ತಿಳಿದುಕೊಂಡು ಬಂದಳು.

“ಇಷ್ಟು ಮೊದಲೇ ಗೊತ್ತಿತ್ತು. ಮತ್ತ ಯಾಕ ಹೋಗಲಿಲ್ಲ, ಅತ್ತಿ? ಯಾರು ಬ್ಯಾಡಂದ್ರು?”

‘ನಾನು’ ಎಂಬ ಮಾತು ಗುಂಡಮ್ಮನ ಗಂಟಲವರೆಗೆ ಬಂತು. ಸೊಸೆಯ ತೊಡೆಯ ಮೇಲಿದ್ದ ಕೂಸನ್ನು ನೋಡಿದಳು.

“ಅವನೇ ವಲ್ಲೆ ಅಂದನವ್ವಾ.”

ಜಯದೇವಿ ಎದೆ ಎದೆ ಬಡಿದುಕೊಂಡಳು. “ಹೆಂಡತಿ ಬ್ಯಾಡಾಗಿದ್ರ ಬಿಡು, ಈ ಕೂಸಿನ ಮಾರಿನರೆ ನೆನಪಾಗಲಿಲ್ಲೇನು ಆ ಹಟಮಾರಿಗೆ? ಇನ್ನ ನನ್ನ ಮಗಳ ಮುಂದ ಅವನ ಹೆಸರು ಎತ್ತಬ್ಯಾಡ್ರಿ.”

“ಆಯ್ತವ್ವಾ,” ಎಂದಳು ಗುಂಡಮ್ಮ.