ದೇವದಂಡಿನ ನಲವತ್ತೊಂದನೆಯವಳು

ಹುಮನಾಬಾದಿನ ಬಸವಣಪ್ಪ ಮಾಸ್ತರರು ತಮ್ಮ ಆಯುಷ್ಯದಲ್ಲಿ ಎಣಿಸದೆ ಬಿಟ್ಟದ್ದು ಆಕಾಶದ ಚಿಕ್ಕೆಗಳನ್ನು ಮಾತ್ರ. ಅದೂ ತಹಸೀಲ ಕಚೇರಿಯಿಂದ ಆದೇಶ ಬಾರದ ಕಾರಣಕ್ಕೆ. ಆದೇಶ ಬಂದಿದ್ದರೆ ಒಂದೊಂದು ಚಿಕ್ಕೆಗೂ ಮನೆ ನಂಬರು ಕೊಟ್ಟು, ಚಂದ್ರನ ಬಾಗಿಲ ಚೌಕಟ್ಟಿನ ಮೇಲೆ ಕಾವಿಯಲ್ಲಿ ಗುರುತು ಬರೆದು ಕೆಳಗಿಳಿಯುತ್ತಿದ್ದರೆಂದು ಓಣಿಯವರ ಮಾತು. ಅವರ ಸ್ವಂತ ಮದುವೆಯಲ್ಲಿ ಅಕ್ಷತೆ ಬೀಳುವಾಗಲೂ ಮಂದಿಯನ್ನು ಎಣಿಸುತ್ತ ನಿಂತಿದ್ದರಂತೆ. ನಾಲ್ಕುನೂರ ಹನ್ನೆರಡು ಆಯಿತು. ಆಮೇಲೆ ಪಕ್ಕದಲ್ಲಿ ನಿಂತ ಹೆಂಡತಿಯ ನೆನಪಾಗಿ ಹದಿಮೂರು ಮಾಡಿದರು.

ಮೂವತ್ತೈದು ವರ್ಷ ಕನ್ನಡ ಶಾಲೆಯ ನೌಕರಿ, ಅದರ ನಡುವೆ ಮೂರು ಖಾನೇಸುಮಾರಿ. ಜನಗಣತಿಗೆ ಆ ಕಡೆಯ ಹಳಬರು ಇಂದಿಗೂ ಅನ್ನುವುದು ಹಾಗೆಯೇ. ಮೂರರಲ್ಲಿಯೂ ಒಂದು ತಲೆ ಹೆಚ್ಚಾಗಲಿಲ್ಲ, ಒಂದು ತಲೆ ಕಡಿಮೆಯಾಗಲಿಲ್ಲ ಎಂಬುದು ಮಾಸ್ತರರ ಜೀವನದ ಏಕೈಕ ಬಡಾಯಿ. ಸಕ್ಕರೆ ಕಾಯಿಲೆ ಇದ್ದವರು ಗುಳಿಗೆ ನುಂಗುವ ಹಾಗೆ ಆ ಮಾತನ್ನು ದಿನಕ್ಕೆ ಮೂರು ಹೊತ್ತು ಆಡುತ್ತಿದ್ದರು.

ನಿವೃತ್ತಿಯಾಗಿ ಎಂಟು ವರ್ಷ ಎಣಿಸಲು ಏನೂ ಸಿಗದೆ ಬಡಕಲಾದ ಅವರಿಗೆ ಕೆಲಸ ಕೊಟ್ಟವಳು ಮೊಮ್ಮಗಳು ಸ್ನೇಹಲ್. ಹೈದರಾಬಾದಿನ ಒಂದು ಸಣ್ಣ ಕಂಪನಿಗಾಗಿ ಅವಳು ಮಾಳಿಗೆಯ ಕೋಣೆಯಲ್ಲಿಯೇ ಕೂತು ಕಂಪ್ಯೂಟರ್ ಆಟ ಕಟ್ಟುತ್ತಿದ್ದಳು. ಆಟದ ಹೆಸರು 'ದೇವದಂಡು'. ಪಗಡೆಯ ಹಾಗೆ ಸರದಿ ಕಾಯುವ ಆಟವಲ್ಲ ಅದು. ಎಲ್ಲರೂ ಒಂದೇ ಹೊತ್ತಿಗೆ ಊರು ಕಟ್ಟಬೇಕು, ಜೋಳ ಬೆಳೆಯಬೇಕು, ಪೂಜೆ ಮಾಡಿಸಿ ಇಂದ್ರನನ್ನೋ ವರುಣನನ್ನೋ ಒಲಿಸಿಕೊಳ್ಳಬೇಕು, ರಾಕ್ಷಸರ ಕೋಟೆಯ ಮೇಲೆ ದಂಡೆತ್ತಿ ಹೋಗಬೇಕು. ಮೂಗು ಒರೆಸಿಕೊಳ್ಳಲು ನಿಂತವನ ಊರು ಸುಟ್ಟು ಬೂದಿ.

"ಮುತ್ಯಾ, ಆಡಿದ ಹುಡುಗ್ರು ಬರೇ 'ಸೂಪರ್' ಅಂತ ಬರದು ಕೊಡ್ತಾರ," ಎಂದಳು ಸ್ನೇಹಲ್. "ಯಾವುದು ಚಲೋ ಅದ, ಯಾವುದು ಕೆಟ್ಟದದ, ಬಿಡಿಸಿ ಹೇಳೂದಿಲ್ಲ. ಕಂಪನಿಯವರಿಗೆ ಆಡಿದವರ ಅಭಿಪ್ರಾಯ ಬೇಕು. ಬರಕೊಂಡವರ ಸಹಿನೂ ಬೇಕು. ಶನಿವಾರದೊಳಗ ಹೋಗಲಿಲ್ಲಂದ್ರ ನನ್ನ ನೌಕರಿ ಕಾಯಂ ಆಗೂದಿಲ್ಲ ನೋಡು."

"ಇಲ್ಲಿಯವರಿಗೆ ಕೇಳಬಾರದು," ಎಂದರು ಮಾಸ್ತರರು. "ನಮ್ಮ ಓಣಿ ಹುಡುಗಿ ಅಂತ ಆಟಾನೇ ನೋಡಲಾರದ ಹೊಗಳತಾರ. ನಾ ಕಲ್ಯಾಣಕ್ಕ ಹೋಗ್ತೀನಿ."

ಮರುದಿನವೇ ಒಂಬತ್ತರ ಬಸ್ಸಿಗೆ ಬಸವಕಲ್ಯಾಣಕ್ಕೆ ಹೊರಟರು. ಕೋಟೆಯ ಕಡೆಗೆ ಹೋಗುವ ದಾರಿಯಲ್ಲಿ ಅವರ ಹಳೆಯ ಶಿಷ್ಯ ಯುನೂಸನ ಕಂಪ್ಯೂಟರ್ ಅಂಗಡಿ. ಮುಂದೆ ಝರಾಕ್ಸ್, ಹಿಂದಿನ ಕೋಣೆಯಲ್ಲಿ ಆಟದ ಆರು ಮಷೀನು. ಸ್ನೇಹಲ್ ರಾತ್ರಿಯೇ 'ದೇವದಂಡು' ಆಟವನ್ನು ಅವಕ್ಕೆ ಕಳಿಸಿದ್ದಳು. ಮಾಸ್ತರರ ಕೈಯಲ್ಲಿ ತಾವೇ ಗೆರೆ ಹೊಡೆದ ನಮೂನೆ. ಮೂವತ್ತೊಂದು ಕಾಲಮ್ಮು. ಆಟಗಾರನ ಹೆಸರು, ತಂದೆಯ ಹೆಸರು, ಆಟದ ಊರಿನಲ್ಲಿ ಕುಡಿಯುವ ನೀರಿನ ಮೂಲ ಯಾವುದು, ಮನೆಗಳಿಗೆ ಹೊಗೆಗಂಡಿ ಉಂಟೋ ಇಲ್ಲವೋ. ಹತ್ತೊಂಬತ್ತನೆಯ ಕಾಲಮ್ಮು: ಊರಿನ ಒಟ್ಟು ಜನಸಂಖ್ಯೆ.

ಆಡಲು ಬಂದವರು ಮೂವರು. ಲಾರಿ ಗ್ಯಾರೇಜಿನ ಜೀಶಾನ್, ಕಿರಾಣಿ ಅಂಗಡಿಯ ಗುರುಶಾಂತ, ಬಿ.ಎಸ್ಸಿ. ಓದುತ್ತಿದ್ದ ಮಿಸ್ಬಾ.

"ಇಂದ್ರಗ ಐದು ಪೂಜಿ ಮಾಡಿಸಿದ್ರ ಒಂದು ಸಿಡ್ಲು ಒಗೀತಾನ್ರಿ," ಎಂದ ಜೀಶಾನ್. "ಮತ್ತ ನಾಕ್ ನಿಮಿಷ ರೆಸ್ಟು. ನಮ್ಮ ಓಣಿ ಲೈನ್‌ಮನ್ನೇ ಚಲೋ, ಬೈದ್ರ ಬರ್ತಾನ."

"ಐರಾವತ ನೋಡ್ರಿ ಸರ್," ಎಂದ ಗುರುಶಾಂತ. "ಗ್ವಾಡಿ ಒಡಿ ಅಂದ್ರ ಕಬ್ಬಿನ ಹೊಲಕ್ಕ ಹೋಗಿ ನಿಂದರ್ತದ. ಆನಿ ಅಲ್ಲ ಅದು, ನಮ್ಮನಿ ಅಳಿಯ."

"ರಾಕ್ಷಸರು ಭಾಳ ಸಜ್ಜನರು," ಎಂದಳು ಮಿಸ್ಬಾ. "ಹೊಡಿಯೂ ಮೊದಲು ಕೊಂಬು ಊದಿ ಹೇಳಿ ಬರ್ತಾರ. ನಮ್ಮ ಕಾಲೇಜಿನಾಗ ಪರೀಕ್ಷಾ ಸುದ್ದಿನೂ ಹಂಗ ಹೇಳೂದಿಲ್ಲ."

ಮಾಸ್ತರರು ಒಂದಕ್ಷರ ಬಿಡದೆ ಬರೆದುಕೊಂಡರು. ಹತ್ತೊಂಬತ್ತನೆಯ ಕಾಲಮ್ಮಿಗೆ ಬಂದಾಗ ಮೂವರೂ ಪರದೆಯ ಮೂಲೆಯ ಅಂಕಿ ನೋಡಿ 'ನಲವತ್ತು' ಎಂದರು. ಮೊದಲ ಹಂತದ ಊರಿನಲ್ಲಿ ನಲವತ್ತಕ್ಕಿಂತ ಹೆಚ್ಚು ಜನ ಹಿಡಿಯುವುದೇ ಇಲ್ಲವಂತೆ. ಆದರೆ ಮನೆಯವರು ಹೇಳಿದ ಅಂಕಿಯನ್ನು ನಂಬಿ ಬರೆದುಕೊಳ್ಳಲು ಮಾಸ್ತರರೇನು ಹೊಸಬರೆ?

"ಆಟ ನಿಂದರಸು," ಎಂದರು ಮಿಸ್ಬಾಗೆ.

ಅವಳು ಗುಂಡಿ ಒತ್ತಿದಳು. ಪರದೆಯ ಮೇಲೆ ಎಲ್ಲವೂ ಇದ್ದಲ್ಲಿಯೇ ಕಲ್ಲಾಯಿತು. ಎತ್ತಿದ ಕೊಡಲಿ ಎತ್ತಿದಂತೆ, ಹೊಗೆ ಅರ್ಧ ಆಕಾಶದಲ್ಲಿ. ಮಾಸ್ತರರು ಪೆನ್ನಿನ ಟೋಪಿಯಿಂದ ಒಂದೊಂದು ತಲೆ ಮುಟ್ಟುತ್ತ ಎಣಿಸಿದರು. ನಲವತ್ತೊಂದು. ಎಡದಿಂದ ಎಣಿಸಿದರೂ ನಲವತ್ತೊಂದು, ಬಲದಿಂದ ಎಣಿಸಿದರೂ ಅಷ್ಟೇ.

"ಆಕಿ ಇರಬೇಕ್ರಿ ಸರ್," ಎಂದಳು ಮಿಸ್ಬಾ, ದನಿ ತಗ್ಗಿಸಿ. ಊರಿನ ಅಂಚಿಗೆ, ಬರೀ ಬಯಲಿನಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ತಲೆಯ ಮೇಲೆ ಸೆರಗು. ಎಡಗೈ ಮೇಲೆತ್ತಿ, ಅಲ್ಲಿಲ್ಲದ ಯಾವುದೋ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ ಹಾಗೆ. "ಎಷ್ಟು ಒತ್ತಿದ್ರೂ ಕೆಲಸಕ್ಕ ಏಳೂದಿಲ್ಲ."

"ನನ್ನ ಊರಾಗೂ ಅದಾಳ," ಎಂದ ಗುರುಶಾಂತ. "ಬಾಣ ಆಕಿ ಮೈಯೊಳಗಿಂದ ಪಾರಾಗಿ ಹೋಗ್ತಾವ."

ಜೀಶಾನನ ನಗೆ ನಿಂತಿತು. "ಅರೇ, ನಂದ್ರಾಗೂ... ನಾ ನಿಮ್ಮಿಬ್ರಿಗೆ ಹೇಳಿರಲಿಲ್ಲ."

ಮಾಸ್ತರರು ಕನ್ನಡಕ ಒರೆಸಿ ಬಾಗಿದರು. ಕೊಡಲಿ, ಹೊಗೆ, ಹಾರುವ ಕಾಗೆ, ಎಲ್ಲಕ್ಕೂ ತಡೆ ಬಿದ್ದಿತ್ತು. ಆಕೆಯ ಸೆರಗಿನ ತುದಿ ಮಾತ್ರ ಗಾಳಿಗೆ ಅಲುಗುತ್ತಿತ್ತು.

ಹೊರಗೆ ಹಣ್ಣು ಮಾರುವವನ ಕೂಗು, ಲಾರಿಗಳ ಹಾರ್ನು, ಮಟಮಟ ಮಧ್ಯಾಹ್ನದ ಬಿಸಿಲು. ಒಳಗೆ ಮಿಸ್ಬಾ ಇನ್ನೊಂದು ಮಾತು ಹೇಳಿದಳು. "ಸರ್, ನೀವು ಚಾ ಕುಡಿಯಾಕ ಹೋದಾಗ ಆಕಿ ಇರೂದಿಲ್ಲ. ನೀವು ಬಂದು ಕುಂತ ಮ್ಯಾಲ ಬರ್ತಾಳ. ಆಕಿ ಊರ ಕಡೆ ನೋಡೂದಿಲ್ರಿ. ನಿಮ್ಮ ಕುರ್ಚಿ ಕಡೆ ನೋಡ್ತಾಳ."

ಮಾಸ್ತರರು ಕುರ್ಚಿಯನ್ನು ಎಡಕ್ಕೆ ಎಳೆದುಕೊಂಡರು. ನಿಂತ ಆಟದಲ್ಲಿ ಆಕೆಯ ಮುಖ ಎಡಕ್ಕೆ ತಿರುಗಿತು. ಬಲಕ್ಕೆ ಎಳೆದರು. ಮುಖ ಬಲಕ್ಕೆ ಬಂತು. ಮೇಲೆತ್ತಿದ ಆ ಕೈಯಲ್ಲಿ ಹಸಿರು ಬಳೆಗಳಿದ್ದವು. ಆ ಕೈ ಅವರಿಗೆ ಗೊತ್ತಿತ್ತು.

ಇಪ್ಪತ್ತೈದು ವರ್ಷದ ಹಿಂದೆ, ಎರಡು ಸಾವಿರದ ಒಂದರ ಫೆಬ್ರವರಿಯಲ್ಲಿ, ಅವರು ಮೋರಖಂಡಿಯ ಶಾಲೆಯಲ್ಲಿದ್ದಾಗಿನ ಖಾನೇಸುಮಾರಿ. ಕೊನೆಯ ದಿನ, ಕೊನೆಯ ಮನೆ. ಯಶೋದಾಬಾಯಿ ಎಂಬಾಕೆಯ ಮನೆ. ಆರು ಮಂದಿ ಎಂದು ಆಕೆ ಬೆರಳು ಮಡಚಿ ಹೇಳಿದಳು. ಮೊದಲೇ ತಯಾರಾಗಿದ್ದ ಮನೆಪಟ್ಟಿಯಲ್ಲಿಯೂ ಆರೇ ಇತ್ತು. ಬರೆಯುತ್ತಿರುವಾಗ ಒಳಕೋಣೆಯ ಕತ್ತಲೆಯಿಂದ ಒಂದು ಕೈ ಬಂದು ಬಾಗಿಲ ಚೌಕಟ್ಟು ಹಿಡಿಯಿತು. ಹಸಿರು ಬಳೆ. "ಒಳಗ ಯಾರದಾರ?" ಎಂದು ಕೇಳಿದರು. "ಯಾರಿಲ್ಲ. ಮಜ್ಜಿಗಿ ಕುಡೀರಿ," ಎಂದಳು ಯಶೋದಾಬಾಯಿ. ಏಳು ಎಂದು ಬರೆದರೆ ಮನೆಪಟ್ಟಿಗೆ ಲೆಕ್ಕ ಕೂಡುವುದಿಲ್ಲ, ಇಡೀ ಹಾಳೆ ಹೊಸದಾಗಿ ಬರೆಯಬೇಕು. ಅಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಮಾಸ್ತರರು ಮಜ್ಜಿಗೆ ಕುಡಿದರು, ಆರು ಎಂದು ಬರೆದು ಬಸ್ಸು ಹಿಡಿದರು. ಅಂದಿನಿಂದ ಆ ಕೈಯನ್ನು ಅವರು ನೆನೆದಿರಲಿಲ್ಲ. ಮರೆತಿರಲೂ ಇಲ್ಲ.

ಸಂಜೆ ಬಸ್ಸಿನಿಂದ ಸ್ನೇಹಲ್‌ಗೆ ಫೋನು ಮಾಡಿದರು. ಅವಳು ಆಟವನ್ನು ತೆಗೆದು ನೋಡಿ ಹೇಳಿದಳು: "ನನ್ನ ಮಷೀನಿನಾಗ ನಲವತ್ತೇ ಅದಾರ ಮುತ್ಯಾ. ಹೆಂಗಸರ ಗೊಂಬಿ ನಾ ಮಾಡಿದ್ದೇ ಮೂರು ನಮೂನಿ. ಹಸಿರು ಬಳಿ ಒಂದಕ್ಕೂ ಹಾಕಿಲ್ಲ." ಆಮೇಲೆ, "ಒಬ್ಬಾಕಿ ಹೆಚ್ಚಾಗ್ಯಾಳ ಅಂತ ಬರದ್ರ ಬಿಡುಗಡೆ ನಿಲ್ಲಸ್ತಾರ. ನಲವತ್ತಂತ ಬರಿ. ನಿನ್ನ ಸಹಿ ಇದ್ರ ಯಾರೂ ತಿರುಗಿ ಕೇಳೂದಿಲ್ಲ," ಎಂದಳು.

ಮಾಸ್ತರರ ಬಾಯಿಗೆ ಹುಳಿ ಮಜ್ಜಿಗೆಯ ರುಚಿ ಬಂತು. ಕಿಟಕಿಯ ಸರಳು ಹಿಡಿದು ಕೂತರು. ಆ ಬಸ್ಸಿನಲ್ಲಿ ಎಷ್ಟು ಮಂದಿ ಇದ್ದರೆಂದು ಎಣಿಸಲಿಲ್ಲ. ಎಂಟು ಮೈಲಿಗೊಮ್ಮೆ ಕಂಡಕ್ಟರನ ಲೆಕ್ಕ ತಿದ್ದುತ್ತಿದ್ದ ಮನುಷ್ಯ ಹೀಗೆ ಕೂತದ್ದು ಕಂಡು ಕಂಡಕ್ಟರನೇ ಹೆದರಿ, ನೀರು ಬೇಕೇನ್ರಿ ಎಂದು ಕೇಳಿದನಂತೆ.

ಮರುದಿನ ಶುಕ್ರವಾರ ಅವರು ಯುನೂಸನ ಅಂಗಡಿಗೆ ಹೋಗದೆ ಮೋರಖಂಡಿಗೆ ಹೋದರು. ಯಶೋದಾಬಾಯಿಗೆ ಈಗ ಎಂಬತ್ತರ ಮೇಲೆ ವಯಸ್ಸು. ಕಟ್ಟೆಯ ಮೇಲೆ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು.

"ಯಶೋದಾಬಾಯಿ, ನಿಮ್ಮನಿ ಏಳನೇದಾಕಿ ಹೆಸರು ಬೇಕಾಗಿತ್ರಿ."

ಮುದುಕಿ ತಲೆ ಎತ್ತಲಿಲ್ಲ. "ನಮ್ಮನಿಯಾಗ ಆರೇ ಮಂದಿ ಮಾಸ್ತರ. ನೀವೇ ಬರಕೊಂಡು ಹೋಗೀರಿ."

"ನಾ ಕೈ ನೋಡಿದ್ದೆ."

"ಸರಕಾರದ ಕಾಗದದಾಗ ಇಲ್ಲದಾಕಿ ನನ್ನ ಮನಿಯಾಗ ಹ್ಯಾಂಗ ಇರ್ತಾಳ?" ಎಂದು ಮೊರ ಕೊಡವಿದಳು. ಹೊಟ್ಟು ಹಾರಿ ಮಾಸ್ತರರ ಅಂಗಿಗೆ ಬಿತ್ತು.

ಓಣಿಯ ತಿರುವಿನಲ್ಲಿ ಬಳೆ ಮಾರುವ ಸರ್ವರಿ ಅವರನ್ನು ತಡೆದಳು. ಆಕೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಭಾಗಮ್ಮ ಅಂತ್ರಿ ಆಕಿ ಹೆಸರು, ಈ ಮುದುಕಿ ಸೊಸಿ. ತವರುಮನಿ ಚಿಟಗುಪ್ಪ. ಆ ಬಳಿ ನಾನೇ ಇಡಿಸಿದ್ದೆ, ಹೊಸದಾಗಿ ಗಂಡನ ಮನಿಗೆ ನಡೀಲಿಕ್ಕೆ ಬಂದಾಗ. ಇಪ್ಪತ್ತೂ ತುಂಬಿರಲಿಲ್ಲ ಹುಡುಗಿಗೆ. ಹೊರಗ ಬಿಡ್ತಿರಲಿಲ್ಲ. ಹೋಳಿ ಹುಣ್ಣಿಮಿ ಆದ ಮ್ಯಾಲ ಕಾಣಲೇ ಇಲ್ಲ."

"ಯಾರೂ ಕೇಳಲಿಲ್ಲೇನು?"

"ಆಕಿ ಅಣ್ಣ ಬಂದಿದ್ದ. ಚಾವಡಿಯಾಗ ಊರ ಮಂದಿನ ಕೂಡಿಸಿದ. ಈ ಮುದುಕಿ ಏನಂದಳು ಗೊತ್ತದೇನ್ರಿ? 'ಆಕಿ ಮಾಘದಾಗೇ ತವರಿಗೆ ಹೋಗ್ಯಾಳ. ಬಸವಣಪ್ಪ ಮಾಸ್ತರೇ ಬಂದು ಎಣಿಸಿ ಹೋಗ್ಯಾರ, ಆರೇ ಮಂದಿ' ಅಂದಳು." ಸರ್ವರಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಮಾಸ್ತರ ಲೆಕ್ಕ ತಪ್ಪೂದಿಲ್ಲ ಅಂತ ಎಲ್ಲರೂ ಸುಮ್ಮಾದ್ರು. ಅಣ್ಣ ಅಳಕೋತ ಹೋದ."

ಬಿಸಿಲಿನಲ್ಲಿ ಮಾಸ್ತರರ ನೆರಳು ಅವರ ಕಾಲಡಿಗೆ ಮುದುಡಿ ಕೂತಿತ್ತು. ಊರೂರಲ್ಲಿ ತಾವು ಹೊಗಳಿಕೊಂಡು ತಿರುಗಿದ ಬಡಾಯಿಯೇ ಒಂದು ಬಾಗಿಲಿಗೆ ಬೀಗವಾಗಿ ಬಿದ್ದಿತ್ತೆಂಬುದು ಅರವತ್ತೆಂಟನೆಯ ವಯಸ್ಸಿಗೆ ಅವರಿಗೆ ತಿಳಿಯಿತು.

ಶನಿವಾರ ಯುನೂಸನ ಅಂಗಡಿಯಲ್ಲಿ ಮೂವರು ಆಟಗಾರರೂ ಕಾದಿದ್ದರು. ಯಾರೂ ಚೇಷ್ಟೆ ಮಾಡಲಿಲ್ಲ. ಮಿಸ್ಬಾ ಆಟ ತೆರೆದಳು. ಮಾಸ್ತರರು ಕೂತರು. ಬಯಲಿನಲ್ಲಿ ಆಕೆ ಬಂದು ನಿಂತಳು, ಕೈ ಎತ್ತಿ.

ಅವರು ಹತ್ತೊಂಬತ್ತನೆಯ ಕಾಲಮ್ಮಿನಲ್ಲಿ ನಲವತ್ತೊಂದು ಎಂದು ಬರೆದರು. ಷರಾದಲ್ಲಿ ದುಂಡಗಿನ ಶಾಲೆಯ ಅಕ್ಷರದಲ್ಲಿ: 'ಭಾಗಮ್ಮ, ವಯಸ್ಸು ಅಂದಾಜು ಹತ್ತೊಂಬತ್ತು, ತವರು ಚಿಟಗುಪ್ಪ, ಗಂಡನ ಮನೆ ಮೋರಖಂಡಿ. ಎಣಿಕೆದಾರನ ತಪ್ಪಿನಿಂದ ಬಿಟ್ಟುಹೋಗಿದ್ದಳು.' ಕೆಳಗೆ ಸಹಿ ಹಾಕಿದರು. ಮಿಸ್ಬಾ ಅದರ ಫೋಟೋ ತೆಗೆದು ಸ್ನೇಹಲ್‌ಗೆ ಕಳಿಸಿದಳು.

ಪರದೆಯ ಮೂಲೆಯಲ್ಲಿ ನಲವತ್ತು ಎಂಬ ಅಂಕಿ ಒಮ್ಮೆ ಕಣ್ಣು ಮಿಟುಕಿಸಿ ನಲವತ್ತೊಂದಾಯಿತು. ಆಕೆಯ ಕೈ ಮೆಲ್ಲಗೆ ಕೆಳಗಿಳಿಯಿತು. ಎಷ್ಟು ವರ್ಷದಿಂದ ಎತ್ತಿ ಹಿಡಿದ ಕೈಯೋ, ಇನ್ನೊಂದು ಕೈಯಿಂದ ಅದರ ರಟ್ಟೆಯನ್ನು ತಿಕ್ಕಿಕೊಂಡಳು. ಆಮೇಲೆ ನಡೆದು ಊರೊಳಗೆ ಬಂದು ಒಂದು ಮನೆಯ ಒಳಗೆ ಹೋದಳು. ಒಳಗಿನಿಂದ ಅಗಳಿ ಬಿದ್ದ ಸದ್ದು ಕೇಳಿಸಿತು. ಆ ಮಷೀನಿಗೆ ಸ್ಪೀಕರೇ ಇರಲಿಲ್ಲ.

ಅರ್ಧ ತಾಸಿನಲ್ಲಿ ಸ್ನೇಹಲ್‌ಳ ಫೋನು. "ನೀ ಬರದದ್ದು ಹಂಗೇ ಕಂಪನಿಗೆ ಕಳಿಸಿದೆ. ಬಿಡುಗಡೆ ನಿಲ್ಲಿಸಿದ್ರು ಮುತ್ಯಾ. ನನ್ನ ನೌಕರಿದು ಮುಂದಿನ ತಿಂಗಳು ನೋಡೋಣ ಅಂದ್ರು." ದನಿಯಲ್ಲಿ ಸಿಟ್ಟಿತ್ತು. ಸಿಟ್ಟಿನ ಕೆಳಗೆ ಇನ್ನೇನೋ ಇತ್ತು. "ಈಗ ನನ್ನ ಮಷೀನಿನಾಗೂ ನಲವತ್ತೊಂದು ಬರಾಕತ್ತದ. ಆಕಿ ಯಾರು?"

"ಮನಿಗೆ ಬಂದು ಹೇಳ್ತೀನವ್ವಾ. ನಿನ್ನ ಹೊಟ್ಟಿಮ್ಯಾಲ ಕಾಲಿಟ್ಟೆ, ಬೇಕಾದ್ರ ಬೈ. ಆದ್ರ ಅಂಕಿ ತಿದ್ದಬ್ಯಾಡ."

ಅವಳು, "ತಿದ್ದೂದಿಲ್ಲ," ಎಂದಳು.

ಮಾಸ್ತರರು ಪೆನ್ನಿನ ಟೋಪಿ ಹಾಕಿ ಎದ್ದರು. ಮೂರು ದಿನದ ಭಾರ ಇಳಿದು ಮೈ ಎಷ್ಟು ಹಗುರಾಗಿತ್ತೆಂದರೆ, ಫ್ಯಾನು ಜೋರು ಮಾಡಿದ್ದರೆ ಕೋಟೆಯ ಬುರುಜಿನ ಮೇಲೆ ಹೋಗಿ ಕೂಡುತ್ತಿದ್ದರು.

"ಸರ್," ಎಂದಳು ಮಿಸ್ಬಾ. "ಕೂಡ್ರಿ ಸರ್."

ಬಯಲಿನಲ್ಲಿ ಆಕೆ ನಿಂತಿದ್ದ ಜಾಗದಲ್ಲಿ ಕೋಲು ಹಿಡಿದ ಮುದುಕನೊಬ್ಬ ನಿಂತಿದ್ದ. ಅವನ ಹಿಂದೆ ಕೂಸನ್ನು ಟೊಂಕದ ಮೇಲಿಟ್ಟುಕೊಂಡ ಹೆಂಗಸು. ಅವಳ ಹಿಂದೆ ತಲೆಯ ಮೇಲೆ ಗಂಟು ಹೊತ್ತ ಇಬ್ಬರು. ಅವರ ಹಿಂದೆ ಮತ್ತೆ ತಲೆಗಳು, ಒಂದರ ಬೆನ್ನಿಗೆ ಒಂದು, ಪರದೆಯ ಅಂಚಿನವರೆಗೂ. ಎಲ್ಲರ ಮುಖವೂ ಮಾಸ್ತರರ ಕುರ್ಚಿಯ ಕಡೆಗೆ.

ತಾವು ತಪ್ಪಿದ್ದು ಜನ್ಮದಲ್ಲಿ ಒಂದೇ ಸಲವೆಂದು ಅವರು ನಂಬಿದ್ದರು. ಈ ಮುಖಗಳಲ್ಲಿ ಒಂದೂ ಗುರುತು ಹತ್ತಲಿಲ್ಲ. ಗುರುತು ಹತ್ತಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ಜೀಶಾನ್ ಎದ್ದು ಗೋಡೆಗೆ ಬೆನ್ನು ಹಚ್ಚಿ ನಿಂತ. ಗುರುಶಾಂತ ಕೊರಳ ಲಿಂಗವನ್ನು ಹಿಡಿದುಕೊಂಡಿದ್ದ.

ಮಾಸ್ತರರು ಮತ್ತೆ ಕೂತು, ಪೆನ್ನಿನ ಟೋಪಿ ಎತ್ತಿ ಎಣಿಸಲು ತೊಡಗಿದರು. ನಲವತ್ತೆರಡು, ನಲವತ್ತಮೂರು, ನಲವತ್ತನಾಲ್ಕು. ಐವತ್ತು ದಾಟಿತು. ಸಾಲಿನ ತುದಿ ಕಾಣುತ್ತಿರಲಿಲ್ಲ. ಕನ್ನಡಕ ಏರಿಸಿ, ಮುದುಕನ ಕಡೆಗೆ ಬಾಗಿ, ಬಾಗಿಲಿಗೆ ಹೋಗಿ ಕೇಳುವ ಮರ್ಯಾದೆಯ ದನಿಯಲ್ಲಿ, "ಹೆಸರು ಹೇಳ್ರಿ," ಎಂದರು.

ಮುಂದಿನ ಕೋಣೆಯಿಂದ ಯುನೂಸ್ ಇಣುಕಿದ. "ಸರ್, ನಮೂನಿ ಇನ್ನ ಎಷ್ಟು ಝರಾಕ್ಸ್ ತೆಗೀಲಿ?"

"ಅಂಗಡಿಯಾಗ ಕಾಗದ ಇರೋತನಕ ತೆಗಿ," ಎಂದರು ಮಾಸ್ತರರು, ಪರದೆಯಿಂದ ಕಣ್ಣು ಕೀಳದೆ.