ಮಗಳಂಥವೇ ಮೀನುಗಳು

ಫಿಟ್ಸ್ ಶುರುವಾದಾಗ ಮಗಳಿಗೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಕೊಡ್ಲಿಪೇಟೆಯ ನಮ್ಮ ಮನೆಯಲ್ಲಿ ಅದಕ್ಕೆ ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. "ನಮ್ಮ ಕಡೆ ಯಾರಿಗೂ ಇಲ್ಲಪ್ಪ," ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಉಳಿದದ್ದು ನನ್ನ ಕಡೆ. ಎಂಟು ವರ್ಷ ನಾನೂ ಅದನ್ನೇ ನಂಬಿದ್ದೆ. ಬಸುರಿಯಾಗಿದ್ದಾಗ ತಿಂದದ್ದು, ತೋಟದಲ್ಲಿ ಎಡವಿ ಬಿದ್ದದ್ದು, ಎಲ್ಲವನ್ನೂ ನೆನೆದು ನನ್ನನ್ನೇ ಬೈದುಕೊಂಡಿದ್ದೆ.

ಕೊನೆಗೆ ಮೈಸೂರಿನ ಡಾಕ್ಟರು ನಮ್ಮ ಮೂವರ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ಮಗಳ ಒಂದು ಜೀನಿನಲ್ಲಿ ಸಣ್ಣ ವ್ಯತ್ಯಾಸವಿತ್ತು. ಅದು ನನ್ನಲ್ಲೂ ಇರಲಿಲ್ಲ, ಗಂಡನಲ್ಲೂ ಇರಲಿಲ್ಲ. ಮನೆಗೆ ಬಂದವಳೇ ಅತ್ತೆಗೆ ಹೇಳಿದೆ.

"ಹಂಗಾರೆ ಯಾರ ಕಡೇದೂ ಅಲ್ವಾ?"

"ಅಲ್ಲ ಅತ್ತೆ. ಅವಳಲ್ಲೇ ಹೊಸದಾಗಿ ಆಗಿರೋದಂತೆ."

ಅತ್ತೆ ಎದ್ದು ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದರು. ಆಮೇಲೆ, "ನೀನು ಊಟ ಮಾಡಿದ್ಯಾ?" ಎಂದರು.

ಅದೇ ಡಾಕ್ಟರ ಮೂಲಕ ಬೆಂಗಳೂರಿನ ಒಂದು ಲ್ಯಾಬಿನವರು ನಮ್ಮನ್ನು ಕರೆಸಿಕೊಂಡರು. ಅಲ್ಲಿ ಜೀಬ್ರಾಮೀನುಗಳನ್ನು ಸಾಕುತ್ತಿದ್ದರು. ಬೆರಳಿನ ಗೆಣ್ಣಿಗಿಂತ ತುಸು ಉದ್ದ, ಮೈಮೇಲೆ ನೀಲಿ ಗೆರೆ. ಅವುಗಳ ಎಷ್ಟೋ ಜೀನುಗಳು ನಮ್ಮವನ್ನೇ ಹೋಲುತ್ತವಂತೆ. ಮಗಳಲ್ಲಿದ್ದ ವ್ಯತ್ಯಾಸವನ್ನೇ ಮೊಟ್ಟೆಯ ಹಂತದಲ್ಲಿ ಆ ಮೀನುಗಳಲ್ಲೂ ತಂದಿದ್ದರು. ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳು ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ ಮೈಕ್ರೋಸ್ಕೋಪಿನಲ್ಲಿ ತೋರಿಸಿದಳು. ಸುಮ್ಮನಿದ್ದ ಗಾಜಿನಂಥ ಮರಿ ಇದ್ದಕ್ಕಿದ್ದಂತೆ ಗಿರ್ರನೆ ಸುತ್ತಿ, ಸೆಟೆದು, ಪಕ್ಕಕ್ಕೆ ವಾಲಿತು.

"ಅಮ್ಮಾ, ನಂಗೂ ಹಿಂಗೇ ಆಗ್ತದಾ?"

ತನ್ನ ಫಿಟ್ಸನ್ನು ಅವಳು ಎಂದೂ ನೋಡಿಯೇ ಇಲ್ಲವೆಂಬುದು ನನಗೆ ಹೊಳೆದದ್ದು ಆಗಲೇ. "ಹೂಂ," ಎಂದೆ.

"ಅದಕ್ಕೆ ನೋವಾಗ್ತದೆ ಅಂದ್ಕೋಬೇಡಿ ಅಕ್ಕ. ನಂಗಂತೂ ಏನೂ ಗೊತ್ತಾಗಲ್ಲ," ಎಂದು ಮಗಳು ಆ ಹುಡುಗಿಗೇ ಧೈರ್ಯ ಹೇಳಿದಳು.

ಮರಿಗಳಿದ್ದ ನೀರಿಗೆ ಒಂದೊಂದೇ ಔಷಧಿ ಹಾಕಿ ನೋಡುತ್ತಿದ್ದರು. ಮಗಳು ನುಂಗುತ್ತಿದ್ದ ಮಾತ್ರೆಗಳಲ್ಲೊಂದು ಮೀನುಗಳ ಫಿಟ್ಸನ್ನು ಹೆಚ್ಚಿಸಿತು, ಅವಳಿಗೆ ಎಂದೂ ಕೊಡದಿದ್ದ ಬೇರೊಂದು ಮಾತ್ರೆ ತಗ್ಗಿಸಿತು.

"ಮೀನಿಗೆ ಹಿಡಿಸಿದ್ದು ಮನುಷ್ಯರಿಗೂ ಹಿಡಿಸುತ್ತೆ ಅಂತ ಖಾತ್ರಿ ಹೇಳೋಕಾಗಲ್ಲಮ್ಮ," ಎಂದರು ಮೈಸೂರಿನ ಡಾಕ್ಟರು. "ಆದರೆ ಈ ಮಾತ್ರೆ ಬೇರೆ ಮಕ್ಕಳಿಗೆ ಮೊದಲಿಂದ ಕೊಡ್ತಿರೋದೇ. ನಿಧಾನವಾಗಿ ಬದಲಿಸಿ ನೋಡೋಣ."

ಮಾತ್ರೆ ಬದಲಿಸಿದ ಮೇಲೂ ಫಿಟ್ಸ್ ಪೂರ್ತಿ ನಿಂತಿಲ್ಲ. ವಾರಕ್ಕೆ ಮೂರು ಸಲ ಬರುತ್ತಿದ್ದದ್ದು ಈಗ ಎರಡು ತಿಂಗಳಿಗೊಮ್ಮೆ. ಮೊನ್ನೆ ಶಾಲೆಯವರು ಚಿತ್ರಸ್ಪರ್ಧೆಗೆಂದು ಮಡಿಕೇರಿಗೆ ಹೊರಟಾಗ ಮೊದಲ ಬಾರಿಗೆ ನಾನಿಲ್ಲದೆ ಅವಳನ್ನು ಕಳಿಸಿದೆ. ಫಿಟ್ಸ್ ಬಂದರೆ ಏನು ಮಾಡಬೇಕೆಂದು ಟೀಚರಿಗೆ ಎರಡೆರಡು ಸಲ ಹೇಳಿಕೊಟ್ಟೆ. ಸಂಜೆ ನಾನೂ ಅತ್ತೆಯೂ ಒಂದು ಗಂಟೆ ಮೊದಲೇ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆವು. ಬಸ್ಸಿನಿಂದ ಇಳಿದವಳು ನಮ್ಮತ್ತ ನೋಡಲೂ ಇಲ್ಲ. ಗೆಳತಿಯೊಂದಿಗೆ ಯಾವುದೋ ಜಗಳದಲ್ಲಿ ಮುಳುಗಿದ್ದಳು.