ಲೋಟ ಚೆಲ್ಲಿ ಮನೆ ನೋಡುತ್ತಿದ್ದ ನಮ್ಮಕ್ಕ

ನಮ್ಮಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಅವಳು ಸಾಕಿದ ನಾಯಿಗಳಿಗೆ ಮಾತ್ರ ಮೂಗು ಅಂತ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಈ ತಮಾಷೆ ಮಾಡಿ ಅವಳ ಕೈಯಲ್ಲಿ ಎಷ್ಟು ಸಲ ಬೈಸಿಕೊಂಡಿದ್ದೇನೋ. ಈಗ ಹಾಗೆ ಹೇಳಲು ನನಗೇ ನಾಲಿಗೆ ಏಳುವುದಿಲ್ಲ.

ಅಕ್ಕ ಟೇಲರ್. ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಾಳೆ. ಮನೆಯ ಮುಂದಿನ ಕೋಣೆಯೇ ಅಂಗಡಿ: ಎರಡು ಮಿಷನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂಲೆಯಲ್ಲಿ ಸದಾ ಕಾದಿರುವ ಇಸ್ತ್ರಿಪೆಟ್ಟಿಗೆ. ಹಿಂದೆ ಒಂದು ಕೋಣೆ, ಅಡುಗೆಮನೆ. ಭಾವ ಬದುಕಿದ್ದಾಗ ತಂದ, ಪಗ್ ಎಂಬ ಚಪ್ಪಟೆ ಮೂತಿಯ ಜಾತಿಯ ಒಂದು ಹೆಣ್ಣು ನಾಯಿಯಿಂದ ಶುರುವಾಗಿ ಹನ್ನೊಂದು ವರ್ಷ ಆ ಹಿಂದಿನ ಕೋಣೆಯಲ್ಲಿ ಜಾತಿ ನಾಯಿಗಳು ಮರಿ ಹಾಕಿದವು. ಹುಟ್ಟಿದ ಮರಿಗಳ ಕುತ್ತಿಗೆಗೆ ಗುರುತಿಗೆಂದು ಒಂದೊಂದು ಬಣ್ಣದ ನೂಲು ಕಟ್ಟುತ್ತಿದ್ದಳು. ಮರಿ ಹೊಸ ಮನೆಗೆ ಹೊರಟ ದಿನ ಆ ನೂಲನ್ನು ಬಿಚ್ಚಿ ಗೋಡೆಯ ಹಲಗೆಗೆ ಗುಂಡುಸೂಜಿಯಲ್ಲಿ ಚುಚ್ಚಿ, ಕೆಳಗೆ ಆ ಮನೆಯ ವಿಳಾಸ ಬರೆದಿಡುತ್ತಿದ್ದಳು. ಹಲಗೆಯ ಮೇಲೆ ಒಟ್ಟು ಇಪ್ಪತ್ತೇಳು ನೂಲುಗಳಿವೆ.

ಕೇಳಿದವರಿಗೆಲ್ಲ ಅವಳು ಮರಿ ಕೊಡುತ್ತಿರಲಿಲ್ಲ. ಮೊದಲು ಅವರ ಮನೆಗೆ ಹೋಗುವುದು, ಡ್ರೈವರ್ ನಾನು. ಕೂತ ಮೇಲೆ ಕುಡಿಯಲು ನೀರು ಕೇಳುವುದು. ಎರಡು ಗುಟುಕು ಕುಡಿದು, ಕೈ ತಪ್ಪಿದ ಹಾಗೆ ಉಳಿದ ನೀರನ್ನು ನೆಲಕ್ಕೆ ಚೆಲ್ಲಿ, ಬಾಯಿಗೆ ಬೀಗ ಹಾಕಿಕೊಂಡು ನೋಡುತ್ತಾ ಕೂರುವುದು. ಯಾರು ಎದ್ದು ಒರೆಸುತ್ತಾರೆ, ಯಾರು ಇನ್ನೊಬ್ಬರನ್ನು ಕೂಗುತ್ತಾರೆ, ಯಾರು ಮುಖ ಸಿಂಡರಿಸುತ್ತಾರೆ.

"ಮರಿ ದಿನಕ್ಕೆ ಹತ್ತು ಸಲ ಉಚ್ಚೆ ಹೊಯ್ಯುತ್ತೆ ಕಣೋ. ಒಂದು ಲೋಟ ನೀರಿಗೆ ಮುಖ ಊದಿಸ್ಕೊಳ್ಳೋರು ಅದನ್ನೇನು ಸಾಕ್ತಾರೆ?" ಎನ್ನುತ್ತಿದ್ದಳು. ಒಮ್ಮೆ ಅರಮನೆಯಂಥ ಮನೆಯಲ್ಲಿ ಯಜಮಾನರು ಕೂತಲ್ಲಿಂದಲೇ ಕೆಲಸದವಳನ್ನು ಮೂರು ಸಲ ಕೂಗಿದರು. ನಾಲ್ಕನೇ ಸಲ ಕೂಗುವಷ್ಟರಲ್ಲಿ ಅಕ್ಕ ಕಾರಿನಲ್ಲಿ ಕೂತಿದ್ದಳು.

ಇಷ್ಟು ಜಾಣೆ ಒಂದು ಕಡೆ ಎಡವಿದ್ದಳು. ಅವಳ ಜೊತೆಗೆ ನಾನೂ. ಮರಿಗಳಿಗೆ ಎರಡು ತಿಂಗಳಾದಾಗ ಹೊಲಿಗೆಯ ಟೇಪು ಹಿಡಿದು ಹಣೆಯಿಂದ ಮೂಗಿನವರೆಗೆ ಅಳೆಯುತ್ತಿದ್ದಳು. ಯಾವುದರ ಮುಖ ಎಲ್ಲಕ್ಕಿಂತ ಚಪ್ಪಟೆಯೋ ಅದನ್ನು ಮುಂದಿನ ಸಂತಾನಕ್ಕೆ ಉಳಿಸಿಕೊಳ್ಳುವುದು. ನಾಯಿ ಪ್ರದರ್ಶನಗಳಲ್ಲಿ ಬಹುಮಾನ ಬರುತ್ತಿದ್ದದ್ದೂ ಅಂಥವಕ್ಕೇ. "ನೋಡಿ, ಎಷ್ಟು ಸುಖವಾಗಿ ಗೊರಕೆ ಹೊಡೀತಿದೆ. ಚೊಕ್ಕ ಜಾತಿ ಅನ್ನೋದಕ್ಕೆ ಅದೇ ಗುರುತು" ಎಂದು ಬಂದವರಿಗೆ ಹೆಮ್ಮೆಯಿಂದ ಹೇಳುತ್ತಿದ್ದಳು. ನನ್ನ ಕೆಲಸ ಲಿಫ್ಟ್ ರಿಪೇರಿ. ಅಂಥ ಸದ್ದು ಯಾವುದಾದರೂ ಲಿಫ್ಟಿನಿಂದ ಬಂದಿದ್ದರೆ ನಿಂತ ನಿಲುವಿನಲ್ಲೇ ಕರೆಂಟು ತೆಗೆದು ಬೋರ್ಡು ನೇತುಹಾಕುತ್ತಿದ್ದೆ. ಅಕ್ಕನ ಮನೆಯಲ್ಲಿ ಮಾತ್ರ ಹನ್ನೊಂದು ವರ್ಷ ಅದನ್ನು ಜೋಗುಳದ ಹಾಗೆ ಕೇಳಿಕೊಂಡು ಕಾಫಿ ಕುಡಿದೆ. ನನ್ನ ಕಿವಿಗಿಷ್ಟು ಬೆಂಕಿ ಹಾಕ!

ಹಾಗೆ ಅಳೆದು ಆರಿಸಿದ ಕೊನೆಯ ನಾಯಿ ಬೀಗಿತ್ತಿ. ತನಗೆ ಯಾರೂ ಸರಿಯಾಗಿ ಉಪಚಾರ ಮಾಡಲಿಲ್ಲ ಎಂಬಂತೆ ಗದ್ದ ಎತ್ತಿ ಕೂರುತ್ತಿದ್ದದ್ದಕ್ಕೆ ನಾನಿಟ್ಟ ಹೆಸರು. ಅಕ್ಕನಿಗೆ ಬೆಳ್ಳಿ ಬಣ್ಣದ ಕಪ್ ಗೆದ್ದುಕೊಟ್ಟವಳು ಅವಳೇ. ಹಗಲು ಮಿಷನ್ನಿನ ಕೆಳಗೆ, ರಾತ್ರಿ ಅಕ್ಕನ ಕಾಲ ಬಳಿ. ಐದು ವರ್ಷ ತುಂಬುವಷ್ಟರಲ್ಲಿ ಮೂರು ಸಲ ಮರಿ ಹಾಕಿದ್ದಳು, ಮೂರನೆಯದು ಹೊಟ್ಟೆ ಕೊಯ್ದು.

ಒಂದು ಮಧ್ಯಾಹ್ನ ಇಸ್ತ್ರಿ ಮೇಜಿನ ಪಕ್ಕದಲ್ಲೇ ಬೀಗಿತ್ತಿ ಕುಸಿದು ಬಿದ್ದಳು. ನಾಲಿಗೆ ನೀಲಿ. ನಾಯಿ ಡಾಕ್ಟರಮ್ಮ ಆಮ್ಲಜನಕ ಕೊಟ್ಟು ಬದುಕಿಸಿದರು. ಆಮೇಲೆ ಟಾರ್ಚು ಬಿಟ್ಟು ಮೂಗಿನ ಹೊಳ್ಳೆ ತೋರಿಸಿದರು: ಸೂಜಿಯಿಂದ ಗೀಚಿದಷ್ಟೇ ಸಂದು.

"ಗೊರಕೆ ಹೊಡೀತಾ ಆರಾಮಾಗೇ ಇತ್ತಲ್ಲ ಡಾಕ್ಟ್ರೇ?" ಎಂದಳು ಅಕ್ಕ.

ಡಾಕ್ಟರಮ್ಮ ಒಂದು ಸ್ಟ್ರಾ ಕೊಟ್ಟರು. "ಮೂಗು ಬಿಗಿಯಾಗಿ ಹಿಡ್ಕೊಂಡು, ಇದ್ರಲ್ಲಿ ಉಸಿರಾಡ್ತಾ ಆ ಮೆಟ್ಟಿಲು ಹತ್ತಿ ಬನ್ನಿ."

ಬೇರೆಯವರಾಗಿದ್ದರೆ ಜಗಳ ತೆಗೆಯುತ್ತಿದ್ದರು. ಅಕ್ಕ ಹಟಮಾರಿ, ಹತ್ತಿದಳು. ಹನ್ನೆರಡನೇ ಮೆಟ್ಟಿಲಿಗೆ ಕೂತುಬಿಟ್ಟಳು. ಸ್ಟ್ರಾ ಕೈಯಲ್ಲೇ ಇತ್ತು.

"ಇದಕ್ಕೆ ದಿನಾ ಹೀಗೇನಾ?"

"ಹುಟ್ಟಿದಾಗಿಂದ. ಬೇರೆ ಥರ ಉಸಿರು ಇರುತ್ತೆ ಅಂತಾನೇ ಅದಕ್ಕೆ ಗೊತ್ತಿಲ್ಲ."

ಹೊಳ್ಳೆ ಅಗಲ ಮಾಡುವ ಆಪರೇಷನ್ ಆಗಬೇಕು, ಜೊತೆಗೇ ಮುಂದೆ ಮರಿಯಾಗದಂತೆ ಮಾಡಿಸಬೇಕು ಎಂದಿದ್ದರು ಡಾಕ್ಟರಮ್ಮ. ಅದಕ್ಕಿಂತ ಕಷ್ಟದ್ದು ಇನ್ನೊಂದು ಮಾತು: ಬಟ್ಟೆಯ ದೂಳು, ಇಸ್ತ್ರಿಯ ಕಾವು ಇರುವ ಆ ಮನೆಗೆ ಬೀಗಿತ್ತಿ ವಾಪಸ್ ಹೋಗುವ ಹಾಗಿಲ್ಲ, ಇನ್ನೊಂದು ಸಲ ಬಿದ್ದರೆ ಏಳುವುದಿಲ್ಲ. ಅಕ್ಕನ ಅನ್ನ ಹುಟ್ಟುವುದು ಆ ದೂಳಿನಲ್ಲೇ. ಅಂಗಡಿ ಬಿಡುವಂತಿಲ್ಲ, ನಾಯಿಯನ್ನು ಇಟ್ಟುಕೊಳ್ಳುವಂತಿಲ್ಲ. ನನ್ನ ಮನೆ ನಾಲ್ಕನೇ ಮಹಡಿಯ ಬಿಸಿಲು ಗೂಡು, ಅಲ್ಲಿಗೂ ಆಗದು. ಮನೆ ಸಿಗುವವರೆಗೆ ಡಾಕ್ಟರಮ್ಮ ಅವಳನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಅಂತೂ ಬೀಗಿತ್ತಿಗೆ ಮನೆ ಹುಡುಕಲು ಹೊರಟೆವು.

ಮೊದಲು ಸಿಕ್ಕವರು ಫರ್ನಿಚರ್ ಅಂಗಡಿಯವರು. ತಂಪಾದ ಮನೆ, ನುಣ್ಣನೆಯ ನೆಲ. ಅಕ್ಕ ಲೋಟ ಚೆಲ್ಲಿದಳು. ಅವರು ಯಾರನ್ನೂ ಕೂಗದೆ, ಪಂಚೆ ಎತ್ತಿಕಟ್ಟಿ ತಾವೇ ಒರೆಸಿದರು. "ಪರವಾಗಿಲ್ಲ ಬಿಡಿ ಅಕ್ಕಾ, ಇನ್ನೊಂದು ಲೋಟ ತರ್ಲಾ?" ಎಂದರು. ನೂರಕ್ಕೆ ನೂರು! ನಾನು ಮನಸ್ಸಿನಲ್ಲೇ ಬೀಗಿತ್ತಿಯ ಗಂಟುಮೂಟೆ ಕಟ್ಟಿದೆ.

ಅಕ್ಕ ಆಪರೇಷನ್ ವಿಷಯ ತೆಗೆದಳು.

"ಅಯ್ಯೋ, ಈಗಲೇ ಬೇಡಿ. ಇಂಥ ಮುಖ ಎಲ್ಲಿ ಸಿಗುತ್ತೆ? ಇನ್ನೊಂದೇ ಒಂದ್ಸಲ ಮರಿ ಹಾಕಿಸ್ಬಿಡೋಣ. ಕೇಳಿ, ಎಷ್ಟು ಸುಖವಾಗಿ ಗೊರಕೆ ಹೊಡೀತಿದೆ! ಚೊಕ್ಕ ಜಾತಿ ಅಂದ್ರೆ ಇದು."

ಅಕ್ಕನ ಮುಖ ಕಪ್ಪಿಟ್ಟಿತು. ಆ ಮನುಷ್ಯ ಕೆಟ್ಟವರಲ್ಲ. ಅವರ ಬಾಯಿಂದ ಬಂದದ್ದು ಹನ್ನೊಂದು ವರ್ಷ ಅಕ್ಕನೇ ಊರಿಗೆಲ್ಲ ಹಂಚಿದ್ದ ಮಾತು. ಅವಳು ಬೀಗಿತ್ತಿಯನ್ನು ಎತ್ತಿಕೊಂಡು ಎದ್ದಳು. "ನಿಮ್ಮ ತಪ್ಪಲ್ಲ ಸ್ವಾಮಿ. ಹೀಗೆ ಹೇಳ್ಕೊಟ್ಟವಳು ನಾನೇ" ಎಂದಳು. ಸಿಟ್ಟಿನ ನಮ್ಮಕ್ಕ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮುಂದಿನ ವಾರ ಈಜು ಕಲಿಸುವ ಮೇಡಂ ಮನೆಗೆ ಹೋದೆವು. ಒಬ್ಬರೇ ಇರುವವರು, ಈಜುಕೊಳದ ಹಿಂದಿನ ನೆಲಮಹಡಿಯ ಎರಡು ಕೋಣೆ. ಕಿಟಕಿಗೆ ಮರದ ನೆರಳು, ಕಾಲಿಗೆ ತಣ್ಣನೆಯ ಕಲ್ಲು. ಅಕ್ಕ ನೀರು ಕೇಳಿದಳು, ಚೆಲ್ಲಿದಳು. ಯಾರೂ ಏಳಲಿಲ್ಲ. ಮೇಡಂ ಆಗಲೇ ಬೀಗಿತ್ತಿಯ ಪಕ್ಕ ನೆಲದ ಮೇಲೆ ಕೂತಿದ್ದರು. ನೀರು ಹರಿದು ಅವರ ಪ್ಯಾಂಟು ನೆನೆಯಿತು, ಅದೂ ತಿಳಿಯಲಿಲ್ಲ. ಬೆಳಗಿನಿಂದ ಸಂಜೆವರೆಗೆ ಒದ್ದೆ ನೆಲದಲ್ಲೇ ಬದುಕುವವರಿಗೆ ಒಂದು ಲೋಟ ಯಾವ ಲೆಕ್ಕ? ಅಕ್ಕ ನನ್ನನ್ನು ನೋಡಿದಳು. ನಾನು ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದೆ.

ಮೇಡಂ ಒಂದು ಕೈ ನಾಯಿಯ ಪಕ್ಕೆಯ ಮೇಲಿಟ್ಟು, ಇನ್ನೊಂದು ಕೈಯ ವಾಚು ನೋಡುತ್ತಿದ್ದರು. ಆಮೇಲೆ ತಲೆ ಎತ್ತಿದರು.

"ಅಕ್ಕಾ, ಇವಳಿಗೆ ಉಸಿರಾಡೋಕೆ ಕಷ್ಟ ಆಗ್ತಿದೆ, ಅಲ್ವಾ?"

ಹನ್ನೊಂದು ವರ್ಷದಲ್ಲಿ ನಾವು ಹತ್ತಿಳಿದ ಮನೆಗಳಲ್ಲಿ ಯಾರೂ ಕೇಳದ ಪ್ರಶ್ನೆ. ಅಕ್ಕನ ಕಣ್ಣು ತುಂಬಿತು. ಅವಳು ಒಂದನ್ನೂ ಮುಚ್ಚಿಡಲಿಲ್ಲ: ಟೇಪು, ಗೆದ್ದ ಕಪ್, ಸ್ಟ್ರಾ, ಫರ್ನಿಚರ್ ಅಂಗಡಿ. "ಇದನ್ನ ಹೀಗೆ ಮಾಡಿದವಳು ನಾನು. ಈಗ ನಿಮ್ಮ ತಲೆಗೆ ಕಟ್ಟೋಕೆ ಬಂದಿದ್ದೀನಿ."

"ನೀರಲ್ಲಿ ಮೂಗು ಕಟ್ಟಿದಾಗ ಮಕ್ಕಳು ಎಷ್ಟು ಹೆದರ್ತಾರೆ ಅಂತ ದಿನಾ ನೋಡ್ತೀನಿ. ಆಪರೇಷನ್‌ಗೆ ನಾನೂ ಬರ್ತೀನಿ. ಅಲ್ಲಿಂದ ನೇರ ಇಲ್ಲಿಗೇ ಕರ್ಕೊಂಡು ಬರೋಣ" ಎಂದರು ಮೇಡಂ.

ಅಕ್ಕ ಎದ್ದು, ಬಚ್ಚಲಿನ ಬಾಗಿಲಲ್ಲಿ ನೇತಾಡುತ್ತಿದ್ದ ಬಟ್ಟೆ ತಂದು, ಮಂಡಿಯೂರಿ ಕೂತು ತಾನು ಚೆಲ್ಲಿದ ನೀರನ್ನು ತಾನೇ ಒರೆಸಿದಳು. ಅದಾದ ಮೇಲೆ ಅವಳು ಯಾರ ಮನೆಯಲ್ಲೂ ಲೋಟ ಚೆಲ್ಲಿಲ್ಲ.

ಆದರೆ ಮನೆಗಳಿಗೆ ಹೋಗುವುದನ್ನು ಬಿಡಲಿಲ್ಲ. ಗೋಡೆಯ ಹಲಗೆ ಇಳಿಸಿ, ಅದನ್ನೇ ತೊಡೆಯ ಮೇಲಿಟ್ಟುಕೊಂಡು ನನ್ನ ಕಾರಿನಲ್ಲಿ ಇಪ್ಪತ್ತೇಳು ಮನೆ ಸುತ್ತಿದಳು. ಪ್ರತಿ ಮನೆಯಲ್ಲೂ ಅದೇ ಮಾತು: "ನಾನು ತಪ್ಪು ಹೇಳಿದ್ದೆ. ಅದು ಸುಖದ ಗೊರಕೆ ಅಲ್ಲ. ಒಂದ್ಸಲ ಡಾಕ್ಟ್ರಿಗೆ ತೋರ್ಸಿ. ದಯವಿಟ್ಟು ಇನ್ನು ಮರಿ ಹಾಕಿಸ್ಬೇಡಿ." ಒಬ್ಬರು ಬಾಗಿಲು ಹಾಕಿಕೊಂಡರು. ಒಬ್ಬರು ಬಾಯಿಗೆ ಬಂದಂತೆ ಬೈದರು. ತಿರುಗಿ ಬೈಯುವುದರಲ್ಲಿ ಎತ್ತಿದ ಕೈ ನಮ್ಮಕ್ಕ, ತಲೆತಗ್ಗಿಸಿ ಕೇಳಿಸಿಕೊಂಡಳು. ಹದಿನಾಲ್ಕು ಜನ ಡಾಕ್ಟರಮ್ಮನ ಬಳಿ ಹೋದರು. ಅವಳ ಮನೆಯಲ್ಲಿ ಅದರ ನಂತರ ಒಂದು ಮರಿಯೂ ಹುಟ್ಟಿಲ್ಲ. ಬೆಳ್ಳಿ ಬಣ್ಣದ ಕಪ್‌ನಲ್ಲಿ ಈಗ ಯೂನಿಫಾರಂ ಗುಂಡಿಗಳಿವೆ. ಕಪ್ ಗೆದ್ದ ದಿನ ನಾನು ಚಪ್ಪಾಳೆ ತಟ್ಟಿದ್ದೆ ನಿಜ. ಆದರೆ ಇಂಥವಳ ತಮ್ಮ ನಾನು ಎಂದು ಎದೆಯುಬ್ಬಿಸಿಕೊಂಡದ್ದು ಆ ಬಾಗಿಲುಗಳ ಮುಂದೆ.

ಆಪರೇಷನ್ ಆಗಿ ಒಂದು ತಿಂಗಳಾದ ಮೇಲೆ ಬೀಗಿತ್ತಿಯನ್ನು ನೋಡಲು ಹೋದೆವು. ಅವಳು ಕಿಟಕಿಯ ಕೆಳಗೆ ತಣ್ಣನೆಯ ಕಲ್ಲಿನ ಮೇಲೆ ಮಲಗಿದ್ದಳು. ಕೋಣೆಯಲ್ಲಿ ಒಂದಿಷ್ಟೂ ಸದ್ದಿಲ್ಲ. ಐದು ವರ್ಷ ಆ ಗೊರಕೆಯಲ್ಲೇ ನಿದ್ದೆ ಮಾಡಿದ್ದ ಅಕ್ಕ ಬಾಗಿಲಲ್ಲೇ ಬೆವತುಹೋದಳು. ಓಡಿಹೋಗಿ ಕೂತು, ಅಂಗೈಯನ್ನು ನಾಯಿಯ ಮೂಗಿನ ಮುಂದೆ ಹಿಡಿದಳು.

ಬಹಳ ಹೊತ್ತು ಹಾಗೇ ಹಿಡಿದಿದ್ದಳು.

"ಬರ್ತಾ ಇದೆ ಕಣೋ. ಸದ್ದಿಲ್ದೆ ಬರ್ತಾ ಇದೆ" ಎಂದಳು.